ಬೆಲೆ ಗೊತ್ತಿದ್ದರೆ ಬವಣೆ ಗೊತ್ತಾಗುತ್ತದೆಯೇ?

2024ರ ಲೋಕಸಭಾ ಚುನಾವಣೆಯ ಆಸುಪಾಸಿನಲ್ಲಿ ಬಂದ ಎರಡು ಸುದ್ದಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಗೊಂದಲವಾಗುತ್ತದೆ. ಮಾರ್ಚ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ತಾವು ಚುನಾವಣೆಗೆ ನಿಲ್ಲುತ್ತಿಲ್ಲ, ಅದಕ್ಕೆ ಬೇಕಾಗುವಷ್ಟು ದುಡ್ಡು ತಮ್ಮಲ್ಲಿಲ್ಲ ಎಂದರು. ಜೂನ್‌ನಲ್ಲಿ ಫಲಿತಾಂಶ ಬಂದ ಮೇಲೆ, ಅಭ್ಯರ್ಥಿಗಳ ಪ್ರಮಾಣಪತ್ರಗಳನ್ನು ಜಾಲಾಡುವ ಎಡಿಆರ್ ಸಂಸ್ಥೆ ತನ್ನ ಲೆಕ್ಕ ಮುಂದಿಟ್ಟಿತು: ಗೆದ್ದ 543 ಮಂದಿಯಲ್ಲಿ 504 ಜನ ಕೋಟ್ಯಧಿಪತಿಗಳು, ಅಂದರೆ ಶೇ 93. ಸರಾಸರಿ ಆಸ್ತಿ 46 ಕೋಟಿ ರೂಪಾಯಿಗೂ ಮೇಲೆ. ಇದೇ ಪ್ರಮಾಣ 2004ರಲ್ಲಿ ಶೇ 30 ಇತ್ತು. 2009ರಲ್ಲಿ 58, 2014ರಲ್ಲಿ 82, 2019ರಲ್ಲಿ 88 ಆಗಿ ಈಗ ಇಲ್ಲಿಗೆ ಬಂದು ನಿಂತಿದೆ.

ಇಪ್ಪತ್ತು ವರ್ಷಗಳ ಹಿಂದಿನ ಕೋಟಿಯೂ ಇಂದಿನ ಕೋಟಿಯೂ ಒಂದೇ ಅಲ್ಲ, ನಿಜ. ನಗರದಲ್ಲಿ ಪಿತ್ರಾರ್ಜಿತವಾಗಿ ಬಂದ ಒಂದು ನಿವೇಶನ ಇದ್ದರೂ ಸಾಕು, ಕಾಗದದ ಮೇಲೆ ಯಾರಾದರೂ ಕೋಟ್ಯಧಿಪತಿಯೇ. ಆದರೆ 46 ಕೋಟಿಯ ಸರಾಸರಿಯನ್ನು ಒಂದು ನಿವೇಶನದಿಂದ ವಿವರಿಸಲಾಗದು. ಹಾಗಾಗಿ ಹಳೆಯ ಪ್ರಶ್ನೆ ಮತ್ತೆ ಏಳುತ್ತದೆ. ತಿಂಗಳ ಕೊನೆಯ ವಾರ ಹೇಗೆ ದೂಡುವುದು ಎಂಬ ಚಿಂತೆಯೇ ಇಲ್ಲದವರಿಗೆ ಆ ಚಿಂತೆಯಲ್ಲೇ ಬದುಕುವವರ ಪಾಡು ಅರ್ಥವಾಗುತ್ತದೆಯೇ?

ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಹಸಿವು ಹಸಿದವನಿಗೇ ಗೊತ್ತು, ಆದ್ದರಿಂದ ಸಾಧ್ಯವೇ ಇಲ್ಲ ಎನ್ನುವುದು ಒಂದು. ಹೊಟ್ಟೆ ತುಂಬಿದವನು ಕೈ ಚಾಚುವುದಿಲ್ಲ, ಹಾಗಾಗಿ ಶ್ರೀಮಂತನೇ ಮೇಲು ಎನ್ನುವುದು ಇನ್ನೊಂದು. ಕೇಳಲು ಎರಡೂ ಚೆನ್ನಾಗಿವೆ, ಆದರೆ ಪರೀಕ್ಷೆಗೆ ಒಡ್ಡಿದರೆ ಎರಡೂ ಅರ್ಧ ದಾರಿಯಲ್ಲೇ ಕೈಕೊಡುತ್ತವೆ.

ಬೆಲೆ ಕೇಳುವ ಆಟ

ನಾಯಕರ ನೆಲದ ನಂಟನ್ನು ಅಳೆಯಲು ಪತ್ರಕರ್ತರು ಲೋಕದೆಲ್ಲೆಡೆ ಬಳಸುವ ಉಪಾಯ ಒಂದೇ: ದಿನಬಳಕೆಯ ವಸ್ತುವೊಂದರ ಬೆಲೆ ಕೇಳುವುದು. 2016ರಲ್ಲಿ ಫ್ರಾನ್ಸ್‌ನ ಅಧ್ಯಕ್ಷೀಯ ಅಭ್ಯರ್ಥಿತನಕ್ಕೆ ಸ್ಪರ್ಧಿಸಿದ್ದ ಜಾನ್ ಫ್ರಾನ್ಸ್ವಾ ಕೊಪೆ ಅವರಿಗೆ ಬೇಕರಿಯ ಚಾಕೊಲೇಟ್ ಬನ್ನಿನ ಬೆಲೆ ಕೇಳಿದರು. 10ರಿಂದ 15 ಸೆಂಟ್ ಇರಬಹುದು ಎಂದರು ಅವರು. ಒಂದು ಯೂರೋ ಕೊಟ್ಟರೂ ಅದು ಸಿಗುವುದು ಕಷ್ಟವಿತ್ತು. 2013ರಲ್ಲಿ ಬ್ರಿಟನ್ ಪ್ರಧಾನಿ ಡೇವಿಡ್ ಕ್ಯಾಮರನ್ ಅಗ್ಗದ ಬ್ರೆಡ್ಡಿನ ಬೆಲೆಯನ್ನು ದುಪ್ಪಟ್ಟಿಗೂ ಮೇಲೆ ಅಂದಾಜಿಸಿ, ತಮ್ಮ ಮನೆಯಲ್ಲಿ ಬ್ರೆಡ್ ಮಾಡುವ ಯಂತ್ರವಿದೆ ಎಂದು ಸಮಜಾಯಿಷಿ ಕೊಟ್ಟರು. 2022ರ ಮಾರ್ಚ್‌ನಲ್ಲಿ ಅಲ್ಲಿನ ಹಣಕಾಸು ಸಚಿವರಾಗಿದ್ದ ರಿಷಿ ಸುನಕ್ ಇಂಧನ ತೆರಿಗೆ ಇಳಿಸಿದ್ದನ್ನು ಸಾರಲು ಬಂಕ್‌ನಲ್ಲಿ ಸಣ್ಣ ಕಾರೊಂದಕ್ಕೆ ಪೆಟ್ರೋಲ್ ತುಂಬಿಸುತ್ತ ಕ್ಯಾಮೆರಾ ಮುಂದೆ ನಿಂತರು. ಕಾರು ಅವರದ್ದಾಗಿರಲಿಲ್ಲ, ಅಲ್ಲಿನ ನೌಕರರೊಬ್ಬರದ್ದು. ಸಾಲದ್ದಕ್ಕೆ ದುಡ್ಡು ಕೊಡುವಾಗ ಕಾರ್ಡನ್ನು ಬಾರ್‌ಕೋಡ್ ಓದುವ ಯಂತ್ರಕ್ಕೆ ಹಿಡಿದರು. ಆ ವಿಡಿಯೊ ಎಲ್ಲೆಡೆ ಹರಿದಾಡಿತು.

ನಗು ಬರುತ್ತದೆ. ಆದರೆ ಈ ಪರೀಕ್ಷೆ ಎಷ್ಟು ಸಡಿಲ ಎಂಬುದಕ್ಕೆ 1992ರ ಅಮೆರಿಕದ ಪ್ರಸಂಗವನ್ನು ನೋಡಬೇಕು. ಕಿರಾಣಿ ವ್ಯಾಪಾರಿಗಳ ಸಮ್ಮೇಳನವೊಂದರಲ್ಲಿ ಅಧ್ಯಕ್ಷ ಜಾರ್ಜ್ ಬುಷ್ (ಹಿರಿಯರು) ಬೆಲೆ ಸ್ಕ್ಯಾನರ್ ಕಂಡು ಬೆರಗಾದರು ಎಂದು ವರದಿಯಾಯಿತು. ಅಂಗಡಿಗಳಲ್ಲಿ ವರ್ಷಗಳಿಂದ ಇದ್ದ ಯಂತ್ರ ಇವರಿಗೆ ಹೊಸತೇ ಎಂದು ದೇಶವೇ ನಕ್ಕಿತು. ಆಮೇಲೆ ತಿಳಿದದ್ದು ಬೇರೆ. ಅವರಿಗೆ ತೋರಿಸಿದ್ದು ಹರಿದು ಚೂರಾದ ಲೇಬಲನ್ನೂ ಓದಬಲ್ಲ ಹೊಸ ಬಗೆಯ ಯಂತ್ರ. ಮೂಲ ವರದಿ ಬರೆದವರು ಸ್ಥಳದಲ್ಲೇ ಇರಲಿಲ್ಲ. ಅಷ್ಟು ಹೊತ್ತಿಗೆ ಕಥೆ ಊರು ಸುತ್ತಿ ಬಂದಿತ್ತು. ಅದೇ ವರ್ಷ ಬುಷ್ ಸೋತರು. ಸೋಲಿಗೆ ಸ್ಕ್ಯಾನರ್ ಕಾರಣವಲ್ಲದಿದ್ದರೂ, ಆರ್ಥಿಕ ಹಿಂಜರಿತದ ಸಿಟ್ಟಿನಲ್ಲಿದ್ದ ಜನರಿಗೆ ಅದೊಂದು ಹಿಡಿಯಾಗಿ ಸಿಕ್ಕಿತು.

ಬೆಲೆಯ ಪಟ್ಟಿಯನ್ನು ಸಂದರ್ಶನದ ಹಿಂದಿನ ರಾತ್ರಿ ಬಾಯಿಪಾಠ ಮಾಡಬಹುದು. ಆಪ್ತ ಸಹಾಯಕರು ಇರುವುದೇ ಇಂಥದ್ದಕ್ಕೆ. ಬೆಲೆ ಹೇಳಿದವರು ಜನಪರರೂ ಆಗಲಿಲ್ಲ, ತಪ್ಪಿದವರು ಜನವಿರೋಧಿಗಳೂ ಆಗಲಿಲ್ಲ.

ಮೂರು ಆಣೆ, ಹದಿನೈದು ಆಣೆ

ಹಾಗಾದರೆ ಕಡತದ ಮೂಲಕ ತಿಳಿದುಕೊಳ್ಳಬಹುದಲ್ಲ? ಸರ್ಕಾರದ ಬಳಿ ಸಮೀಕ್ಷೆಗಳಿವೆ, ಅಂಕಿಅಂಶಗಳಿವೆ, ಅರ್ಥಶಾಸ್ತ್ರಜ್ಞರ ಪಡೆಯೇ ಇದೆ. ಈ ವಾದಕ್ಕೆ ತೂಕವಿದೆ. ಆದರೆ ಕಡತ ಎಲ್ಲಿ ಎಡವುತ್ತದೆ ಎಂಬುದನ್ನು ಅರವತ್ತು ವರ್ಷಗಳ ಹಿಂದೆಯೇ ನಮ್ಮ ಲೋಕಸಭೆ ಕಂಡಿದೆ.

1963ರಲ್ಲಿ ಫರೂಖಾಬಾದ್ ಉಪಚುನಾವಣೆಯಲ್ಲಿ ಗೆದ್ದು ಬಂದ ರಾಮಮನೋಹರ ಲೋಹಿಯಾ, ನೆಹರೂ ಸರ್ಕಾರದ ವಿರುದ್ಧದ ಮೊದಲ ಅವಿಶ್ವಾಸ ನಿರ್ಣಯದ ಚರ್ಚೆಯಲ್ಲಿ ಒಂದು ಲೆಕ್ಕ ಎಸೆದರು: ಈ ದೇಶದ 27 ಕೋಟಿ ಜನ ದಿನಕ್ಕೆ ಮೂರು ಆಣೆಯಲ್ಲಿ (ರೂಪಾಯಿಗೆ ಹದಿನಾರು ಆಣೆ) ಬದುಕುತ್ತಿದ್ದಾರೆ, ಪ್ರಧಾನಿಯ ಮೇಲೆ ದಿನಕ್ಕೆ 25,000 ರೂಪಾಯಿ ಖರ್ಚಾಗುತ್ತಿದೆ. ನೆಹರೂ ಒಪ್ಪಲಿಲ್ಲ. ಯೋಜನಾ ಆಯೋಗದ ಲೆಕ್ಕದಂತೆ ಅದು ಹದಿನೈದು ಆಣೆ ಎಂದರು.

ಈ ಜಗಳವನ್ನು ಒಬ್ಬರದ್ದು ಸುಳ್ಳು, ಇನ್ನೊಬ್ಬರದ್ದು ನಿಜ ಎಂದು ಓದುವುದು ರೂಢಿ. ಅದಕ್ಕಿಂತ ಮುಖ್ಯವಾದದ್ದು ಇಬ್ಬರೂ ನೋಡುತ್ತಿದ್ದ ಜಾಗ. ಹದಿನೈದು ಆಣೆ ಇಡೀ ದೇಶದ ಆದಾಯವನ್ನು ಎಲ್ಲ ತಲೆಗಳಿಗೂ ಹಂಚಿದಾಗ ಬರುವ ಸರಾಸರಿ. ಅದರಲ್ಲಿ ಗಿರಣಿ ಮಾಲೀಕನೂ ಇದ್ದಾನೆ, ಅವನ ಗೇಟಿನ ಕಾವಲುಗಾರನೂ ಇದ್ದಾನೆ. ಲೋಹಿಯಾ ಕೇಳಿದ್ದು ಕೆಳಗಿನ ಶೇ 60ರಷ್ಟು ಜನರ ಬಗ್ಗೆ. ಮೇಲಿನಿಂದ ಇಣುಕಿದವರಿಗೆ ಸಿಗುವುದು ಸರಾಸರಿ. ಅದು ಸುಳ್ಳಲ್ಲ, ಆದರೆ ಅದರಲ್ಲಿ ಯಾರೂ ವಾಸ ಮಾಡುವುದಿಲ್ಲ. ನೆಹರೂ ಅವರಂಥ ಸೂಕ್ಷ್ಮ ಮನಸ್ಸಿನ ಪ್ರಧಾನಿಗೇ ಹೀಗಾಯಿತು ಎಂಬುದು ಗಮನಿಸಬೇಕಾದ್ದು.

2011ರಲ್ಲಿ ಅದೇ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ ಬಡತನ ರೇಖೆಯನ್ನು ನಗರದಲ್ಲಿ ದಿನಕ್ಕೆ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿ ಎಂದು ಹೇಳಿ ಪೇಚಿಗೆ ಸಿಕ್ಕಿತು. ಲೆಕ್ಕದ ವಿಧಾನದಲ್ಲಿ ಅಂಥ ದೋಷವೇನೂ ಇರಲಿಲ್ಲ, ಆ ಸಂಖ್ಯೆಯಲ್ಲಿ ಒಂದು ದಿನವನ್ನು ಕಳೆದು ನೋಡುವ ಕಲ್ಪನೆ ಮಾತ್ರ ಯಾರಿಗೂ ಬಂದಂತಿರಲಿಲ್ಲ.

ದುಡ್ಡು ಕೊಳ್ಳುವುದು ಸಮಯವನ್ನು

ಇಲ್ಲಿಂದ ವಿಷಯದ ತಿರುಳಿಗೆ ಬರಬಹುದು. ಉಳ್ಳವರಿಗೂ ಇಲ್ಲದವರಿಗೂ ಇರುವ ನಿಜವಾದ ಅಂತರ ಕೊಳ್ಳುವ ಸಾಮರ್ಥ್ಯಕ್ಕಿಂತ ಹೆಚ್ಚಾಗಿ ಕಾಯುವ ಸಾಮರ್ಥ್ಯದ್ದು.

ಮನೆಮನೆಗೆ ಪಾರ್ಸೆಲ್ ತಲುಪಿಸುವ ಕೆಲಸದಲ್ಲಿರುವ ಒಬ್ಬನನ್ನು ಊಹಿಸಿಕೊಳ್ಳಿ. ತಿಂಗಳ ಇಪ್ಪತ್ತನೇ ತಾರೀಖು ಅವನ ಬೈಕಿನ ಕ್ಲಚ್ ಹೋಗುತ್ತದೆ. ರಿಪೇರಿಗೆ ಮೂರು ಸಾವಿರ. ಬ್ಯಾಂಕಿನಲ್ಲಿ ಹತ್ತು ಸಾವಿರ ಇದ್ದರೆ ಇದು ಅರ್ಧ ದಿನದ ತಲೆನೋವು, ಸಂಜೆಗೆ ಮರೆತುಹೋಗುತ್ತದೆ. ಇಲ್ಲದಿದ್ದರೆ? ಬೈಕ್ ಇಲ್ಲದೆ ಕೆಲಸವಿಲ್ಲ. ಎರಡು ದಿನದ ದುಡಿಮೆ ಖೋತಾ. ಕೈಸಾಲಕ್ಕೆ ಓಡಾಡುವುದರಲ್ಲಿ ಮೂರನೇ ದಿನವೂ ಹೋಯಿತು. ನೂರಕ್ಕೆ ತಿಂಗಳಿಗೆ ಐದರ ಬಡ್ಡಿಗೆ ದುಡ್ಡು ಸಿಕ್ಕಿತು. ಒಂದನೇ ತಾರೀಖು ಬಾಡಿಗೆಯಲ್ಲಿ ಮುರಿದುಕೊಂಡ, ಮನೆ ಮಾಲೀಕನ ಮುಖ ಗಂಟಾಯಿತು. ಮುಂದಿನ ತಿಂಗಳ ದುಡಿಮೆ ಬರುವ ಮುಂಚೆಯೇ ಖರ್ಚಾಗಿದೆ. ಮೆಕ್ಯಾನಿಕ್ ಕೊಟ್ಟ ಬಿಲ್ಲು ಎರಡೂ ಕಡೆ ಒಂದೇ, ಮೂರು ಸಾವಿರ. ತೆತ್ತ ಬೆಲೆ ಬೇರೆ ಬೇರೆ.

ಈ ಸರಪಳಿ ಯಾವ ಬೆಲೆಪಟ್ಟಿಯಲ್ಲೂ ಕಾಣುವುದಿಲ್ಲ. ದಶಕಗಳಿಂದ ಯಾವುದಕ್ಕೂ ಕಾಯುವ ಪ್ರಸಂಗ ಬಾರದವರಿಗೆ ‘ಸ್ವಲ್ಪ ತಡ’ ಎಂದರೆ ಕೇವಲ ಕಿರಿಕಿರಿ. ಅವರು ರೂಪಿಸುವ ಯೋಜನೆಗಳಲ್ಲಿ ತಪ್ಪು ಆಗುವುದೂ ಬಹುಪಾಲು ಇಲ್ಲಿಯೇ: ಮೊತ್ತದಲ್ಲಲ್ಲ, ಕ್ಯಾಲೆಂಡರಿನಲ್ಲಿ.

ಐದು ವಾರಗಳ ಖಾಲಿ ಜೇಬು

ಬ್ರಿಟನ್ 2013ರಿಂದ ಜಾರಿಗೆ ತಂದ ಯೂನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರಿ ನೆರವಿನ ಯೋಜನೆ ಇದಕ್ಕೆ ಪಾಠಪುಸ್ತಕದಂಥ ಉದಾಹರಣೆ. ಆರು ಬಗೆಯ ನೆರವುಗಳನ್ನು ಒಂದುಗೂಡಿಸಿ ಸರಳ ಮಾಡುವ ಆಶಯ ಒಳ್ಳೆಯದೇ ಇತ್ತು, ಆ ಆಶಯವನ್ನು ವಿರೋಧ ಪಕ್ಷದವರೂ ಅಲ್ಲಗಳೆದಿರಲಿಲ್ಲ. ಹಣವನ್ನು ತಿಂಗಳಿಗೊಮ್ಮೆ, ತಿಂಗಳು ಮುಗಿದ ಮೇಲೆ ಕೊಡುವುದು ಎಂದು ನಿಯಮವಾಯಿತು. ಕಾರಣ: ಕೆಲಸದಲ್ಲಿರುವವರಿಗೆ ಸಂಬಳ ಬರುವುದೇ ಹಾಗೆ, ನೆರವು ಪಡೆಯುವವರಿಗೂ ಅದೇ ಅಭ್ಯಾಸವಾಗಲಿ.

ಈ ‘ಸಂಬಳ ಬರುವುದೇ ಹಾಗೆ’ ಎಂಬುದು ಯಾರ ಅನುಭವ? ಕಚೇರಿಯಲ್ಲಿ ಕೂತು ನಿಯಮ ಬರೆದವರದ್ದು. ಕಡಿಮೆ ಕೂಲಿಯ ಅನೇಕರಿಗೆ ಅಲ್ಲಿ ದುಡ್ಡು ಬರುತ್ತಿದ್ದುದು ವಾರಕ್ಕೊಮ್ಮೆ, ಇಲ್ಲವೇ ಹದಿನೈದು ದಿನಕ್ಕೊಮ್ಮೆ. ಕೆಲಸ ಹೋದವರು ಅರ್ಜಿ ಹಾಕಿದ ಮೇಲೆ ಮೊದಲ ಕಂತಿಗೆ ಆರು ವಾರ ಕಾಯಬೇಕಾಯಿತು. ಗಲಾಟೆಯಾದ ಮೇಲೆ 2018ರಲ್ಲಿ ಅದು ಐದು ವಾರಕ್ಕೆ ಇಳಿಯಿತು. ನಡುವಿನ ದಿನಗಳಿಗೆ ಮುಂಗಡ ಸಿಗುತ್ತದೆ, ಆದರೆ ಅದು ಸಾಲ. ಮುಂದಿನ ಕಂತುಗಳಲ್ಲಿ ಮುರಿದುಕೊಳ್ಳುತ್ತಾರೆ. ಹೊಸ ವ್ಯವಸ್ಥೆ ಕಾಲಿಟ್ಟ ಕಡೆಗಳಲ್ಲಿ ಉಚಿತ ಆಹಾರ ಕೇಂದ್ರಗಳಿಗೆ ಬರುವವರು ಹೆಚ್ಚಿದ್ದಾರೆ ಎಂದು ಆ ಕೇಂದ್ರಗಳನ್ನು ನಡೆಸುವ ಟ್ರಸೆಲ್ ಟ್ರಸ್ಟ್ ವರ್ಷವರ್ಷವೂ ಹೇಳಿತು.

ಇದರ ಹೊಣೆ ಹೊತ್ತಿದ್ದ ಸಚಿವ ಇಯಾನ್ ಡಂಕನ್ ಸ್ಮಿತ್ ಅವರಿಗೆ 2013ರಲ್ಲಿ ರೇಡಿಯೊ ಸಂದರ್ಶನದಲ್ಲಿ ಕೇಳಿದರು: ವಾರಕ್ಕೆ 53 ಪೌಂಡಿನಲ್ಲಿ ನೀವು ಬದುಕುತ್ತೀರಾ? ಬದುಕಲೇಬೇಕಾಗಿ ಬಂದರೆ ಬದುಕುತ್ತೇನೆ ಎಂದರು. ಹಾಗಾದರೆ ಬದುಕಿ ತೋರಿಸಿ ಎಂಬ ಮನವಿಗೆ ಲಕ್ಷಗಟ್ಟಲೆ ಸಹಿಗಳು ಬಿದ್ದವು. ಸಚಿವರು ಆ ಸವಾಲನ್ನು ಸ್ವೀಕರಿಸಿದ್ದರೂ ಏನೂ ಸಾಬೀತಾಗುತ್ತಿರಲಿಲ್ಲ. ವಾರ ಮುಗಿದ ಮೇಲೆ ವಾಪಸ್ ಹೋಗಲು ಮನೆಯಿದ್ದರೆ 53 ಪೌಂಡಿನಲ್ಲಿ ಯಾರಾದರೂ ಒಂದು ವಾರ ಕಳೆಯಬಲ್ಲರು.

ನಮ್ಮಲ್ಲೂ ಇದೇ ಅಚ್ಚಿನ ನಿಯಮಗಳಿವೆ. 2015ರ ಜನವರಿಯಿಂದ ದೇಶದ ಎಲ್ಲೆಡೆ ಅಡುಗೆ ಅನಿಲಕ್ಕೆ ಬಂದ ನೇರ ನಗದು ವರ್ಗಾವಣೆಯಲ್ಲಿ ಗ್ರಾಹಕರು ಮೊದಲು ಸಿಲಿಂಡರಿನ ಪೂರ್ತಿ ಬೆಲೆ ಕೊಡಬೇಕಿತ್ತು, ಸಬ್ಸಿಡಿ ಆಮೇಲೆ ಖಾತೆಗೆ ಬರುತ್ತಿತ್ತು. ಕಳ್ಳಸಂತೆ ತಡೆಯಲು ಇದರಿಂದ ಅನುಕೂಲವಾಯಿತು ಎಂಬುದನ್ನು ಒಪ್ಪಬೇಕು. ಆದರೆ ವಾಪಸ್ ಬರುವ ದುಡ್ಡನ್ನು ಮುಂಚೆಯೇ ಹೊಂದಿಸಿ ಕೊಡಬಲ್ಲವರಿಗೆ ಮಾತ್ರ ಅದು ಸಬ್ಸಿಡಿ. ಹೊಂದಿಸಲಾಗದವರು ಮತ್ತೆ ಸೌದೆ ಒಲೆ ಹಚ್ಚುತ್ತಿದ್ದರು.

2005ರ ಉದ್ಯೋಗ ಖಾತರಿ ಕಾಯ್ದೆ ಈ ಸೂಕ್ಷ್ಮವನ್ನು ಗುರುತಿಸಿತ್ತು: 15 ದಿನಗಳೊಳಗೆ ಕೂಲಿ ಕೊಡಬೇಕು, ತಡವಾದರೆ ಪರಿಹಾರ ಕೊಡಬೇಕು. ಪರಿಹಾರದ ದರ ಎಷ್ಟಿತ್ತು? ದಿನಕ್ಕೆ ಶೇ 0.05. ಸಾವಿರ ರೂಪಾಯಿ ಕೂಲಿ ಬಾಕಿ ಉಳಿದರೆ ದಿನಕ್ಕೆ 50 ಪೈಸೆ. ಅದೇ ಸಾವಿರವನ್ನು ಆ ಕೂಲಿಕಾರ ಐದರ ಬಡ್ಡಿಗೆ ತಂದಿದ್ದರೆ ಅವನು ಕಟ್ಟುವುದು ದಿನಕ್ಕೆ ಒಂದೂ ಮುಕ್ಕಾಲು ರೂಪಾಯಿಯ ಹತ್ತಿರ. ಕಾಯುವುದರಿಂದ ಆಗುವ ನಷ್ಟವನ್ನು ಸರ್ಕಾರ ಅರ್ಥಮಾಡಿಕೊಂಡಿತು, ಬೆಲೆ ಕಟ್ಟುವಾಗ ಮಾತ್ರ ಬ್ಯಾಂಕಿನ ಕಣ್ಣಿನಿಂದ ನೋಡಿತು.

ಬಡವರಾಗಿ ಹುಟ್ಟಿದವರ ಕಥೆ

ಹಾಗಿದ್ದರೆ ಕಷ್ಟದಿಂದ ಬಂದವರನ್ನೇ ಆರಿಸಿದರಾಯಿತು ಎನ್ನಬಹುದು. ಇತಿಹಾಸ ಅಷ್ಟು ನೇರವಾಗಿಲ್ಲ.

ಮಾರ್ಗರೆಟ್ ಥ್ಯಾಚರ್ ಕಿರಾಣಿ ಅಂಗಡಿಯವರ ಮಗಳು, ಬೆಳೆದದ್ದು ಅಂಗಡಿಯ ಮೇಲಿನ ಮನೆಯಲ್ಲಿ. ಬೆಲೆ ಕೇಳುವ ಪರೀಕ್ಷೆಯಲ್ಲಿ ಅವರನ್ನು ಸೋಲಿಸುವುದು ಕಷ್ಟವಿತ್ತು. ಆದರೆ ಅರಮನೆಯಲ್ಲಿ ಇರುವವರಿಗೂ ಬಾಡಿಗೆ ಕೋಣೆಯಲ್ಲಿ ಇರುವವರಿಗೂ ತಲೆಗೆ ಇಷ್ಟು ಎಂಬ ತೆರಿಗೆ ತಂದದ್ದು ಅವರ ಸರ್ಕಾರವೇ. 1990ರ ಮಾರ್ಚ್‌ನಲ್ಲಿ ಲಂಡನ್ ಬೀದಿಗಳಲ್ಲಿ ಗಲಭೆಯಾಯಿತು, ನವೆಂಬರ್‌ನಲ್ಲಿ ಅವರು ಹುದ್ದೆ ಬಿಟ್ಟರು. ಶ್ರಮಪಟ್ಟು ಮೇಲೆ ಬಂದವರು ‘ನಾನು ಬಂದೆ, ನೀನೇಕೆ ಬರಲಾರೆ’ ಎಂದು ಕೇಳುವುದು ರಾಜಕೀಯದಲ್ಲಿ ಮಾತ್ರವಲ್ಲ, ಮನೆಗಳಲ್ಲೂ ಕೇಳಿಬರುವ ಮಾತು.

ಇತ್ತ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹುಟ್ಟಾ ಶ್ರೀಮಂತ, ಹಡ್ಸನ್ ನದಿಯ ದಂಡೆಯ ಎಸ್ಟೇಟಿನಲ್ಲಿ ಬೆಳೆದವರು. 1933ರಲ್ಲಿ ಅವರು ಅಧಿಕಾರಕ್ಕೆ ಬಂದಾಗ ಅಮೆರಿಕದಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ನಿರುದ್ಯೋಗ ವಿಮೆ, ವೃದ್ಧಾಪ್ಯ ಪಿಂಚಣಿಗಳನ್ನು 1935ರ ಕಾಯ್ದೆಯಲ್ಲಿ ತಂದದ್ದು ಅವರೇ. ತಮ್ಮ ವರ್ಗಕ್ಕೇ ದ್ರೋಹ ಬಗೆದವರು ಎಂಬ ಬೈಗುಳ ಕೇಳಿದರು. ಅವರಿಗೆ ಹೊಲದ, ಗಣಿಯ ಬವಣೆ ಹೇಗೆ ಗೊತ್ತಾಯಿತು? ಕಲ್ಪನಾಶಕ್ತಿಯಿಂದ ಮಾತ್ರ ಅಲ್ಲ. ಪರಿಹಾರ ಇಲಾಖೆಯ ಮುಖ್ಯಸ್ಥ ಹ್ಯಾರಿ ಹಾಪ್ಕಿನ್ಸ್, ಲೊರೆನಾ ಹಿಕಾಕ್ ಎಂಬ ಪತ್ರಕರ್ತೆಯನ್ನು ನೇಮಿಸಿ ದೇಶ ಸುತ್ತಲು ಕಳಿಸಿದರು. ಅಂಕಿಅಂಶ ಬೇಡ, ನೆರವು ಪಡೆಯುವವರ ಜತೆ ಮಾತಾಡಿ ಕಂಡದ್ದನ್ನು ಬರೆ ಎಂಬುದೇ ಆಕೆಗೆ ಕೊಟ್ಟ ಕೆಲಸ. ಆ ವರದಿಗಳು ಮೇಲಿನವರೆಗೂ ತಲುಪುತ್ತಿದ್ದವು. ಅಂದರೆ ಅಲ್ಲಿ ‘ಅರ್ಥಮಾಡಿಕೊಳ್ಳುವುದು’ ಎಂಬುದು ನಾಯಕನ ಗುಣವಾಗಿ ಉಳಿಯದೆ ಸರ್ಕಾರದ ಒಂದು ಹುದ್ದೆಯೇ ಆಗಿತ್ತು.

ಬಾಗಿಲ ಬಳಿಯ ಸಾಲು

ನಮ್ಮ ರಾಜಕಾರಣಿಗಳಿಗೆ ಕಷ್ಟ ಕಾಣುವುದೇ ಇಲ್ಲ ಎಂಬ ಆರೋಪದಲ್ಲೂ ಒಂದು ಅನ್ಯಾಯವಿದೆ. ಪಶ್ಚಿಮದ ಅನೇಕ ಸಂಸದರಿಗಿಂತ ನಮ್ಮ ಶಾಸಕರು ಬಡತನವನ್ನು ಹೆಚ್ಚು ಹತ್ತಿರದಿಂದ, ಅದೂ ದಿನಬೆಳಗಾದರೆ, ನೋಡುತ್ತಾರೆ. ಏಳು ಗಂಟೆಗೆಲ್ಲ ಮನೆ ಮುಂದೆ ಜನ. ಒಬ್ಬರ ಕೈಯಲ್ಲಿ ಆಸ್ಪತ್ರೆಯ ಬಿಲ್ಲು, ಇನ್ನೊಬ್ಬರದ್ದು ಕಾಲೇಜು ಶುಲ್ಕ, ಮತ್ತೊಬ್ಬರ ಕೈಯಲ್ಲಿ ಮಗಳ ಮದುವೆಯ ಲಗ್ನಪತ್ರಿಕೆ. ಕೆಲವರಿಗೆ ಶಿಫಾರಸು ಪತ್ರ, ಕೆಲವರಿಗೆ ಕೈಗೆ ದುಡ್ಡು.

ಆದರೆ ಇಲ್ಲಿ ಕಷ್ಟ ಅವರಿಗೆ ಕಾಣುವುದು ಕೊಡುವವರ ಸ್ಥಾನದಿಂದ. ದುಡ್ಡು ಕೊಟ್ಟೊಡನೆ ಆ ಒಂದು ಕಷ್ಟ ಕಣ್ಮುಂದಿನಿಂದ ಸರಿಯುತ್ತದೆ. ಆಸ್ಪತ್ರೆಯ ಬಿಲ್ಲು ಅಷ್ಟು ದೊಡ್ಡದೇಕಾಯಿತು, ಸರ್ಕಾರಿ ಆಸ್ಪತ್ರೆಯಲ್ಲಿ ಆ ಯಂತ್ರ ಏಕಿರಲಿಲ್ಲ ಎಂಬ ಪ್ರಶ್ನೆ ಸದನದವರೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಮತದಾರರೂ ಇದೇ ಲೆಕ್ಕ ಕಲಿತಿದ್ದಾರೆ: ಕೊಡಲು ಇರುವವನೇ ಬರಲಿ. ಹೀಗೆ ಶ್ರೀಮಂತ ಅಭ್ಯರ್ಥಿಯ ಆಯ್ಕೆ ಮೂಢತನವೇನಲ್ಲ, ವ್ಯವಸ್ಥೆ ಕೈಕೊಟ್ಟಾಗ ಹಿಡಿದುಕೊಳ್ಳಲು ಇರುವ ಒಂದು ಕೈ ಅದು. ಆದರೆ ಆ ಕೈ ಇರುವ ತನಕ ವ್ಯವಸ್ಥೆ ಸುಧಾರಿಸಬೇಕೆಂಬ ಒತ್ತಡವೂ ಹುಟ್ಟುವುದಿಲ್ಲ.

‘ಶ್ರೀಮಂತ ಕದಿಯುವುದಿಲ್ಲ’ ಎಂಬ ವಾದ ಸೋಲುವುದೂ ಇಲ್ಲೇ. ಸ್ವಂತ ದುಡ್ಡು ಸುರಿದು ಗೆದ್ದವರಿಗೆ ಆ ದುಡ್ಡು ಬಂಡವಾಳದಂತೆ ಕಂಡರೆ ಅಚ್ಚರಿಯಿಲ್ಲ.

ಹೊಸ್ತಿಲಲ್ಲೇ ಜರಡಿ

ಸದನದಲ್ಲಿ ಬೇರೆ ಬಗೆಯ ಬದುಕಿನವರು ಏಕಿಲ್ಲ? ಲೋಕಸಭೆಗೆ ನಿಲ್ಲಲು ಸಾಮಾನ್ಯ ವರ್ಗದ ಅಭ್ಯರ್ಥಿ 25,000 ರೂಪಾಯಿ ಠೇವಣಿ ಇಡಬೇಕು. ಅದು ಸಣ್ಣ ಅಡ್ಡಿ. ದೊಡ್ಡ ರಾಜ್ಯಗಳಲ್ಲಿ 2022ರಿಂದ ಒಬ್ಬ ಅಭ್ಯರ್ಥಿ 95 ಲಕ್ಷ ರೂಪಾಯಿವರೆಗೆ ಖರ್ಚು ಮಾಡಬಹುದು. ಪಕ್ಷಗಳ ಖರ್ಚಿಗಂತೂ ಮಿತಿಯೇ ಇಲ್ಲ. ಟಿಕೆಟ್ ಹಂಚುವವರು ‘ಖರ್ಚು ನೀನೇ ನೋಡಿಕೊಳ್ಳುತ್ತೀಯಾ’ ಎಂದು ಕೇಳಿದ ಕ್ಷಣವೇ ಶಾಲಾ ಶಿಕ್ಷಕಿಯೂ ಆಟೊ ಚಾಲಕನೂ ಪಟ್ಟಿಯಿಂದ ಹೊರಗೆ. ಹಣಕಾಸು ಸಚಿವೆಯೇ ಹಿಂದೆ ಸರಿದ ಮೇಲೆ ಉಳಿದವರ ಮಾತೇನು.

ಜನಪ್ರತಿನಿಧಿಗಳಿಗೆ ಸಂಬಳ ಕೊಡಬೇಕು ಎಂಬ ಬೇಡಿಕೆ ಹುಟ್ಟಿದ್ದೇ ಈ ಜರಡಿಯನ್ನು ಸಡಿಲಿಸಲು. 1838ರಲ್ಲಿ ಬ್ರಿಟನ್ನಿನ ಚಾರ್ಟಿಸ್ಟ್ ಕಾರ್ಮಿಕರು ಮುಂದಿಟ್ಟ ಆರು ಬೇಡಿಕೆಗಳಲ್ಲಿ ಇದೂ ಒಂದು: ಸಂಬಳವಿಲ್ಲದಿದ್ದರೆ ಜಮೀನ್ದಾರರು ಮಾತ್ರ ಸಂಸದರಾಗುತ್ತಾರೆ. ಅದು ಈಡೇರಲು 1911 ಬರಬೇಕಾಯಿತು, ವರ್ಷಕ್ಕೆ 400 ಪೌಂಡ್.

ಈ ಹಿನ್ನೆಲೆಯಲ್ಲಿ 2025ರ ಮಾರ್ಚ್‌ನ ಕರ್ನಾಟಕದ ಸುದ್ದಿ ವಿಚಿತ್ರವಾಗಿ ಕಾಣುತ್ತದೆ. ಶಾಸಕರ ಮಾಸಿಕ ವೇತನವನ್ನು 40,000ದಿಂದ 80,000 ರೂಪಾಯಿಗೆ ಏರಿಸುವ ಮಸೂದೆ ಗದ್ದಲದ ನಡುವೆ ಚರ್ಚೆಯಿಲ್ಲದೆ ಪಾಸಾಯಿತು. ಜನ ಸಿಟ್ಟಾದರು. 2023ರಲ್ಲಿ ಗೆದ್ದ ಶಾಸಕರಲ್ಲಿ ಶೇ 97 ಮಂದಿ ಕೋಟ್ಯಧಿಪತಿಗಳಾಗಿರುವಾಗ ಸಿಟ್ಟು ಸಹಜ. ಆದರೆ ವೇತನ ಎಂಬ ಏಣಿಯನ್ನು ಕಂಡುಹಿಡಿದದ್ದು ಬಡವರಿಗಾಗಿ. ಹತ್ತುವ ಮುಂಚೆಯೇ ಅವರನ್ನು ಚುನಾವಣಾ ಖರ್ಚು ಕೆಳಗಿಳಿಸಿರುವುದರಿಂದ, ಏಣಿಯ ಮೇಲೆ ಇರುವವರೆಲ್ಲ ಅದರ ಅಗತ್ಯವೇ ಇಲ್ಲದವರು.

ಅದೇ ಸಾಲಿನಲ್ಲಿ ನಿಂತರೆ

ಹುಟ್ಟಿನಿಂದ ತಿಳಿವಳಿಕೆ ಬರುವುದಿಲ್ಲ, ಕಡತದಿಂದ ಪೂರ್ತಿ ಬರುವುದಿಲ್ಲ, ಕೊಡುಗೈಯಿಂದಲೂ ಇಲ್ಲ ಎಂದಾದರೆ ಉಳಿಯುವ ದಾರಿ ಪಾಲುದಾರಿಕೆಯದು: ಜನ ಬಳಸುವ ಸೇವೆಯನ್ನೇ ಅಧಿಕಾರದಲ್ಲಿ ಇರುವವರೂ ಬಳಸುವುದು. ತಡವಾದರೆ ಅವರಿಗೂ ತಡ.

2015ರ ಆಗಸ್ಟ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಹೀಗೇ ಯೋಚಿಸಿತು. ಉತ್ತರ ಪ್ರದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳ ದುಃಸ್ಥಿತಿಯ ಬಗ್ಗೆ ಬಂದ ಅರ್ಜಿಗಳ ವಿಚಾರಣೆಯಲ್ಲಿ, ಸರ್ಕಾರಿ ನೌಕರರು, ಜನಪ್ರತಿನಿಧಿಗಳು, ನ್ಯಾಯಾಂಗದವರು ತಮ್ಮ ಮಕ್ಕಳನ್ನು ಅದೇ ಶಾಲೆಗಳಿಗೆ ಕಳಿಸುವಂತೆ ನೋಡಿಕೊಳ್ಳಬೇಕೆಂದು ಮುಖ್ಯ ಕಾರ್ಯದರ್ಶಿಗೆ ಆದೇಶಿಸಿತು. ಅವರ ಮಕ್ಕಳು ಅಲ್ಲಿ ಓದದ ಹೊರತು ಶಾಲೆಗಳು ಸುಧಾರಿಸುವುದಿಲ್ಲ ಎಂಬುದು ತರ್ಕ. ಕಡ್ಡಾಯ ಮಾಡುವುದು ವೈಯಕ್ತಿಕ ಸ್ವಾತಂತ್ರ್ಯಕ್ಕೆ ಅಡ್ಡಿ ಎಂಬ ಆಕ್ಷೇಪವೂ ಬಂತು, ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದೇಶ ಜಾರಿಯಾಗಲಿಲ್ಲ.

ಕಡ್ಡಾಯ ಬೇಡವೆಂದರೂ ತಿಳಿಸಿ ಎಂದು ಕೇಳಬಹುದು. ಅಭ್ಯರ್ಥಿಗಳು ನಾಮಪತ್ರದೊಂದಿಗೆ ಸಲ್ಲಿಸುವ ಫಾರಂ 26ರಲ್ಲಿ ಮನೆ, ಜಮೀನು, ಚಿನ್ನ, ವಾಹನ, ಷೇರು, ಸಾಲ, ಕ್ರಿಮಿನಲ್ ಮೊಕದ್ದಮೆ ಎಲ್ಲಕ್ಕೂ ಜಾಗವಿದೆ. ಮಕ್ಕಳು ಓದುವುದು ಎಲ್ಲಿ, ಮನೆಯವರು ಚಿಕಿತ್ಸೆಗೆ ಹೋಗುವುದು ಎಲ್ಲಿಗೆ ಎಂಬ ಅಂಕಣ ಅದರಲ್ಲಿ ಇಲ್ಲ.